ಅಕ್ಕನ ಪರದೆಯಲ್ಲಿ ಮುರಿದ ಸಾಲು

“ಇದು ಟೈಲರಮ್ಮ ಬರೆದಿದ್ದಲ್ಲ ಮೇಡಂ,” ಎಂದಳು ಟೀಚರ್, ಪರದೆಯಿಂದ ಕಣ್ಣು ಕೀಳದೆ.

ನನ್ನ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. ಈ ಹುಡುಗಿಯನ್ನು ನಾನು ಕರೆಸಿದ್ದು ಒಂದು ಸಹಿಗಾಗಿ ಮಾತ್ರ. ಟೈಲರಮ್ಮ ಹೃದಯದ ಮಾತ್ರೆ ಮಿತಿಮೀರಿ ನುಂಗಿ ತೀರಿಕೊಂಡು ವಾರವಾಗಿತ್ತು. ಕೊನೆಯ ಮಾತು ಅವರ ಲ್ಯಾಪ್‌ಟಾಪಿನಲ್ಲೇ, ಒಂದು ಚಿಕ್ಕ ಪ್ರೋಗ್ರಾಂ ರೂಪದಲ್ಲಿ ಇತ್ತು. ಇಂಥದೊಂದು ಪ್ರೋಗ್ರಾಂ ಬರೆಯುವಷ್ಟು ವಿದ್ಯೆ ಅವರಿಗಿತ್ತು ಎಂದು ಕಲಿಸಿದವಳು ಒಪ್ಪಿದರೆ ಆತ್ಮಹತ್ಯೆ ಎಂದು ಬರೆದು ಫೈಲು ಮುಚ್ಚಬಹುದಿತ್ತು. ಸಂಜೆಯೊಳಗೆ ಮುಚ್ಚಿ ಎಂದು ಮೇಲಿನ ಸಾಹೇಬರು ಬೆಳಗ್ಗೆಯಿಂದ ಫೋನಿನಲ್ಲಿ ನನ್ನ ತಲೆ ತಿನ್ನುತ್ತಿದ್ದರು.

“ನೋಡಮ್ಮ, ನನಗೂ ಈ ಕಂಪ್ಯೂಟರಿಗೂ ಎಣ್ಣೆ ಸೀಗೇಕಾಯಿ,” ಎಂದೆ. “ನನ್ನಂಥವಳಿಗೂ ತಲೆಗೆ ಹೋಗೋ ಹಾಗೆ ಹೇಳು.”

ಟೀಚರ್ ಎಂದರೆ ದೊಡ್ಡವಳೇನಲ್ಲ. ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಕಂಪ್ಯೂಟರ್ ಮುಟ್ಟಿಯೇ ಇರದವರಿಗೆ ಸಂಜೆ ಹೊತ್ತು ಪ್ರೋಗ್ರಾಂ ಬರೆಯಲು ಕಲಿಸುವ ಹುಡುಗಿ. ಅತ್ತು ಅತ್ತು ಮೂಗಿನ ತುದಿ ಕೆಂಪಗಾಗಿತ್ತು. ತನ್ನ ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದವರು ಟೈಲರಮ್ಮ ಎಂದು ಬಂದಾಗಿನಿಂದ ಮೂರು ಸಲ ಹೇಳಿದ್ದಳು.

ನಾವು ಕೂತಿದ್ದು ಟೈಲರಮ್ಮನ ಮನೆಯಲ್ಲೇ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮುಂದೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಅಳತೆ ಟೇಪು, ಸವೆದ ಸೀಮೆಸುಣ್ಣ, ಗುಂಡುಪಿನ್ನಿನ ದಿಂಬು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಅರ್ಧ ಹೊಲಿದು ಹಾಗೇ ಇತ್ತು. ಅದನ್ನು ತೆಗೆಯುವ ಮನಸ್ಸು ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಬಾಗಿಲಲ್ಲಿ ನಮ್ಮ ಕಾನ್‌ಸ್ಟೇಬಲ್ ನಿಂತಿದ್ದ. ಏನು ಹೇಳಿದರೂ ‘ಹೂಂ ಮೇಡಂ’ ಎನ್ನುವುದರಿಂದ ಠಾಣೆಯಲ್ಲಿ ಅವನಿಗೆ ಹೂಂಗುಟ್ಟಪ್ಪ ಎಂದೇ ಹೆಸರು.

“ಇನ್ನೊಂದ್ಸಲ ರನ್ ಮಾಡ್ತೀನಿ. ನೋಡಿ,” ಎಂದಳು ಟೀಚರ್.

ಕಪ್ಪು ಕಿಟಕಿಯೊಂದು ತೆರೆದುಕೊಂಡು ಅದರಲ್ಲಿ ದಪ್ಪ ಬಿಳಿ ಅಕ್ಷರಗಳು ಮೂಡಿದವು. ಈ ಸಾಲನ್ನು ಫೋಟೋದಲ್ಲಿ ನೋಡಿ ನೋಡಿ ನನಗೆ ಬಾಯಿಪಾಠವಾಗಿತ್ತು. ‘ನನಗೆ ಸಾಕಾಯಿತು. ಯಾರ ಮೇಲೂ’ ಎನ್ನುವಷ್ಟರಲ್ಲಿ ಕಿಟಕಿಯ ಬಲ ಅಂಚು ಬಂದುಬಿಡುತ್ತದೆ. ‘ಬೇಜಾರಿಲ್ಲ’ ಎನ್ನುವ ಒಂದೇ ಒಂದು ಮಾತು ಕೆಳಗಿನ ಸಾಲಿಗೆ ಜಾರಿ, ಎಡ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿರುತ್ತದೆ.

ಕೈ ನಡುಗಿರಬೇಕು ಪಾಪ, ಎಂದುಕೊಂಡಿದ್ದೆವು ನಾವೆಲ್ಲ. “ಸಾಯೋಕೆ ಹೊರಟವರು ಸಾಲು ನೆಟ್ಟಗಿದೆಯಾ ಅಂತ ಎಲ್ಲಿ ನೋಡ್ತಾರೆ?” ಎಂದೆ.

“ಟೈಲರಮ್ಮ ನೋಡ್ತಿದ್ರು,” ಎಂದಳು ಟೀಚರ್. “ಬೇರೆ ಏನು ಬಿಟ್ರೂ ಅದನ್ನ ಬಿಡ್ತಿರ್ಲಿಲ್ಲ. ಒಂದು ಸ್ಪೇಸ್ ಆಚೆ ಈಚೆ ಆದ್ರೂ ಅಳಿಸಿ ಮತ್ತೆ ಕೂರ್ತಿದ್ರು. ‘ಕಾಲರ್ ಒಂದು ಕಡೆಗೆ ವಾಲಿದ್ರೆ ಅಂಗಿ ಯಾರು ಹಾಕ್ಕೋತಾರೆ’ ಅಂತಿದ್ರು.”

“ಸ್ಪೇಸ್ ಅಂದ್ರೆ?”

“ಖಾಲಿ ಜಾಗ. ಇಲ್ಲಿ ಕೆಳಗಡೆ ಉದ್ದ ಕೀಲಿ ಇದೆಯಲ್ಲ, ಅದನ್ನ ಒಂದ್ಸಲ ಒತ್ತಿದ್ರೆ ಒಂದು ಅಕ್ಷರದಷ್ಟು ಜಾಗ ಖಾಲಿ ಬೀಳತ್ತೆ. ಮೊದಲನೇ ಪಾಠ ಇಷ್ಟೇ ಮೇಡಂ. ನಿಮ್ಮ ಹೆಸರನ್ನ ಕಿಟಕಿ ನಡುವೆ ತನ್ನಿ. ಹೆಸರಿನ ಮುಂದೆ ಸ್ಪೇಸ್ ಒತ್ತಿ, ರನ್ ಮಾಡಿ, ನೋಡಿ. ಎಡಕ್ಕಿದ್ರೆ ಇನ್ನೊಂದಷ್ಟು ಒತ್ತಿ, ಬಲಕ್ಕೆ ಹೋದ್ರೆ ಅಳಿಸಿ. ಎಲ್ಲಾ ಕಣ್ಣಳತೆ.”

“ಎಲ್ಲರೂ ಹೀಗೇ ಬರೀತಾರಾ?”

“ಹೊಸಬರು ಮಾತ್ರ. ಕಲಿತವರು ಕಿಟಕಿ ಎಷ್ಟು ಅಗಲ ಅಂತ ಪ್ರೋಗ್ರಾಮೇ ಕೇಳ್ಕೊಂಡು ಲೆಕ್ಕ ಹಾಕೋ ಹಾಗೆ ಬರೀತಾರೆ. ಅದು ಮುಂದಿನ ಪಾಠ. ನಮ್ಮ ಕ್ಲಾಸು ಇನ್ನೂ ಅಲ್ಲಿಗೆ ಬಂದಿಲ್ಲ.”

ಅವಳು ಟೈಲರಮ್ಮನ ಬೇರೆ ಪ್ರೋಗ್ರಾಂಗಳನ್ನು ಒಂದೊಂದಾಗಿ ತೆರೆದಳು. ಮೊದಲನೆಯದರಲ್ಲಿ ಅವರ ಹೆಸರು. ಇನ್ನೊಂದರಲ್ಲಿ ಹೊಲಿಗೆ ಅಂಗಡಿಯ ಬೋರ್ಡು. ಕೊನೆಯದರಲ್ಲಿ ಸುತ್ತಲೂ ನಕ್ಷತ್ರ ಚಿಹ್ನೆಗಳನ್ನು ಪೋಣಿಸಿದ ಹೂವಿನ ಚೌಕಟ್ಟು, ಅದರೊಳಗೆ ‘ಪುಟ್ಟಿ’ ಎಂಬ ಎರಡಕ್ಷರ. ಎಲ್ಲವೂ ದಪ್ಪ ದಪ್ಪ ಅಕ್ಷರದಲ್ಲಿ, ಅಳೆದು ಇಟ್ಟಂತೆ ಕಿಟಕಿಯ ನಟ್ಟನಡುವೆ ಕೂತಿದ್ದವು.

“ಈ ಅಕ್ಷರ ಯಾಕಿಷ್ಟು ದಪ್ಪ?”

“ಅಮ್ಮನಿಗೆ ಹತ್ತಿರದ್ದು ಕಾಣ್ತಿರ್ಲಿಲ್ಲ. ಹೊಲಿಗೆ ಎಲ್ಲ ಕೈಯಂದಾಜು. ನಾನೇ ಇದರಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದೆ. ಈಗ ಗಮನ ಇಟ್ಟು ನೋಡಿ. ಅಕ್ಷರ ದೊಡ್ಡದಾದ್ರೆ ಖಾಲಿ ಜಾಗಾನೂ ಅಷ್ಟೇ ದೊಡ್ಡದಾಗತ್ತೆ, ಒಂದು ಸಾಲಿಗೆ ಹಿಡಿಸೋದು ಕಮ್ಮಿ. ಅಮ್ಮ ಈ ಕಿಟಕಿ ನೋಡ್ಕೊಂಡು ಸ್ಪೇಸ್ ಒತ್ತಿದ್ರೆ ಸಾಲು ಮುರಿಯೋಕೇ ಸಾಧ್ಯ ಇಲ್ಲ.”

ಅವಳು ಏನೋ ಒತ್ತಿ ಅಕ್ಷರಗಳನ್ನು ಚಿಕ್ಕದು ಮಾಡಿದಳು. ಇರುವೆ ಸಾಲಿನಷ್ಟು ಚಿಕ್ಕದು. ಆಮೇಲೆ ಆ ಕೊನೆಯ ಮಾತನ್ನು ಮತ್ತೆ ರನ್ ಮಾಡಿದಳು.

ಸಾಲು ಒಂದಾಯಿತು. ‘ನನಗೆ ಸಾಕಾಯಿತು. ಯಾರ ಮೇಲೂ ಬೇಜಾರಿಲ್ಲ.’ ಎಡಕ್ಕೆ ಎಷ್ಟು ಜಾಗವೋ ಬಲಕ್ಕೂ ಅಷ್ಟೇ ಜಾಗ.

“ಬರೆದವರ ಕಿಟಕೀಲಿ ಅಕ್ಷರ ಇಷ್ಟು ಚಿಕ್ಕದಿತ್ತು,” ಎಂದಳು ಟೀಚರ್. “ಅವರ ಕಣ್ಣಿಗೆ ಇದು ನಡುವೆ ಕಂಡಿದೆ. ತಮ್ಮದರಲ್ಲಿ ನಡುವೆ ಬಂದಿದ್ದು ಎಲ್ಲರದರಲ್ಲೂ ನಡುವೇನೇ ಬರತ್ತೆ ಅಂದ್ಕೊಂಡಿದಾರೆ. ಹೊಸಬರೆಲ್ಲ ಮಾಡೋ ತಪ್ಪೇ ಅದು.”

“ಹೊಸಬರ ಹಾಗೆ ಬೇಕೂ ಅಂತ ನೀನೇ ಬರೆದಿರಬಹುದಲ್ಲಮ್ಮ?”

ಹುಡುಗಿಯ ಮುಖ ಬಿಳುಚಿಕೊಂಡಿತು. “ನಾನಾ?”

“ಹೆದರಬೇಡ. ನೀನು ಬರೆದಿದ್ರೆ ಬಾಯಿ ಮುಚ್ಕೊಂಡು ಸಹಿ ಹಾಕಿ ಹೋಗ್ತಿದ್ದೆ. ಕ್ಲಾಸಿನ ಕಂಪ್ಯೂಟರುಗಳಲ್ಲಿ ಇದು ಹೇಗೆ ಕಾಣತ್ತೆ?”

“ಅಲ್ಲಿ ಕಿಟಕಿ ಇನ್ನೂ ಅಗಲ. ಸಾಲು ಎಡಕ್ಕೆ ಹೋಗಿ ನಿಲ್ಲತ್ತೆ. ನಡುವೆ ಬರಬೇಕಾದ್ರೆ ಇದೇ ಥರದ ಲ್ಯಾಪ್‌ಟಾಪೇ ಆಗಬೇಕು.”

“ಅದು ಇನ್ಯಾರ ಹತ್ರ ಇದೆ?”

ಟೀಚರ್ ತಲೆ ತಗ್ಗಿಸಿ ನೆಲ ನೋಡಿದಳು. ನೆಲದ ಕೆಳಗೆ, ಕೆಳಮನೆಯ ಅಂಗಡಿಯಲ್ಲಿ, ಗೋಡೆ ಗಡಿಯಾರವೊಂದು ಗಂಟೆ ಹೊಡೆಯಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು.

“ಇಬ್ಬರೂ ಒಂದೇ ದಿನ ಹೋಗಿ ತಂದಿದ್ರು ಮೇಡಂ,” ಎಂದಳು ಮೆಲ್ಲಗೆ. “ಅಕ್ಕ, ತಮ್ಮ. ಕ್ಲಾಸಿಗೂ ಜೊತೇಲೇ ಬರ್ತಿದ್ರು.”

*

ಕೆಳಗಿಳಿಯಬೇಕಾದರೆ ಮಗಳನ್ನು ದಾಟಿಕೊಂಡೇ ಹೋಗಬೇಕಿತ್ತು. ಟೈಲರಮ್ಮನ ಒಬ್ಬಳೇ ಮಗಳು ಮೆಟ್ಟಿಲ ನಡುವೆ ಗೋಡೆಗೊರಗಿ ಕೂತಿದ್ದಳು. ಆಸ್ಪತ್ರೆಯಲ್ಲಿ ನರ್ಸು, ಅಲ್ಲಿಯದೇ ಕ್ವಾರ್ಟರ್ಸಿನಲ್ಲಿ ವಾಸ. ವಾರದಿಂದ ರಜೆ ಹಾಕಿ ಈ ಮನೆಗೆ ಬರುತ್ತಾಳೆ, ಆದರೆ ಅಮ್ಮ ಸತ್ತ ಆ ಕೋಣೆಯೊಳಗೆ ಕಾಲಿಡಲಾರಳು. ಬಂದು ಮೆಟ್ಟಿಲ ಮೇಲೆ ಕೂರುತ್ತಾಳೆ.

ದಿನವೂ ಠಾಣೆಗೂ ಬರುತ್ತಿದ್ದಳು. ದಿನವೂ ಒಂದೇ ಪ್ರಶ್ನೆ.

“ಅಮ್ಮ ಹೋಗಿದ್ದು ನನ್ನ ಮಾತಿಗೇನಾ ಮೇಡಂ?”

ನಾನು ಅವಳ ಪಕ್ಕದಲ್ಲಿ ಕೂತೆ. ನನ್ನ ಮಂಡಿಗಳು ಲಟಲಟ ಎಂದವು. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳೇನೋ.

“ಅವತ್ತಿನದು ಇನ್ನೊಂದ್ಸಲ ಹೇಳಮ್ಮ. ಏನನ್ನೂ ಬಿಡಬೇಡ.”

“ನೈಟ್ ಡ್ಯೂಟಿ ಮುಗಿಸಿ ಸೀದಾ ಇಲ್ಲಿಗೆ ಬಂದಿದ್ದೆ. ನಿಂತಲ್ಲೇ ನಿದ್ದೆ ಬರೋ ಹಾಗಿತ್ತು. ಅಮ್ಮ ಕೈ ಹಿಡಿದು ಎಳ್ಕೊಂಡು ಹೋಗಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದ್ಲು. ನನ್ನ ಹೆಸರು, ಸುತ್ತ ಹೂವು. ‘ಹೇಗಿದೆ ಹೇಳು’ ಅಂತ ನನ್ನ ಮುಖಾನೇ ನೋಡ್ತಾ ನಿಂತಿದ್ಲು. ನಾನು ನಕ್ಕುಬಿಟ್ಟೆ. ‘ಇಷ್ಟಕ್ಕೇನಾ ಇಷ್ಟು ದಿನದ ಕ್ಲಾಸು? ಮಕ್ಕಳು ಇದನ್ನ ಒಂದು ನಿಮಿಷದಲ್ಲಿ ಮಾಡ್ತಾರೆ. ಈ ವಯಸ್ಸಲ್ಲಿ ಯಾಕಮ್ಮ ನಗೆಪಾಟಲಾಗ್ತೀಯ’ ಅಂದೆ.”

“ಅವರೇನಂದ್ರು?”

“ಏನೂ ಅನ್ಲಿಲ್ಲ. ಮುಚ್ಚಳ ಮುಚ್ಚಿದ್ಲು. ಆಮೇಲೆ ಯಾವುದೋ ಸಣ್ಣ ಮಾತಿಗೆ ದೊಡ್ಡ ಜಗಳ ಆಯ್ತು, ನಾನು ಎದ್ದು ಹೊರಟುಹೋದೆ. ಆಮೇಲೆ ನೋಡಿದ್ದು ಹೆಣವನ್ನೇ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಬಿಚ್ಚುತ್ತಿದ್ದಳು. “ಬೇಜಾರಿಲ್ಲ ಅಂತ ಬರೆದಿದಾಳೆ ಮೇಡಂ. ಅದನ್ನೂ ಅದೇ ಥರ ಪ್ರೋಗ್ರಾಂ ಬರೆದು ಹೇಳಿದಾಳೆ. ನಾನು ನಕ್ಕಿದ್ನಲ್ಲ, ಅದಕ್ಕೇ. ನೋಡು, ಈಗ ನಗು, ಅಂತ.”

ಆ ಸಾಲು ನಿನ್ನ ಅಮ್ಮನದಲ್ಲ ಎಂದು ಹೇಳಿಬಿಡಲು ನನ್ನ ನಾಲಿಗೆ ತುರಿಸುತ್ತಿತ್ತು. ಆದರೆ ಅರ್ಧ ಸತ್ಯ ಹೇಳಿ, ಉಳಿದರ್ಧಕ್ಕೆ ಅವಳನ್ನು ಮತ್ತೊಂದು ವಾರ ಕಾಯಿಸುವುದು ಪಾಪದ ಕೆಲಸ. ಮೇಲಾಗಿ ಆ ಸಾಲು ಬರೆದವನು ಅವಳಿಗೆ ಈಗ ಉಳಿದಿರುವ ಒಬ್ಬನೇ ನೆಂಟ.

“ಇಲ್ಲೇ ಕೂತಿರು. ಕೆಳಗೆ ಹೋಗಿ ಬಂದು ನಿನ್ನ ಪ್ರಶ್ನೆಗೆ ಉತ್ತರ ಹೇಳ್ತೀನಿ,” ಎಂದೆ. ಹೂಂಗುಟ್ಟಪ್ಪನ ಕಡೆ ತಿರುಗಿ, “ಇವಳು ಕೆಳಗೆ ಬರದ ಹಾಗೆ ನೋಡ್ಕೋ,” ಎಂದೆ.

“ಹೂಂ ಮೇಡಂ.”

*

ಗಡಿಯಾರ ರಿಪೇರಿಯ ಅಂಗಡಿ ಅಗಲಕ್ಕಿಂತ ಉದ್ದ. ಗೋಡೆಯ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು. ಟೈಲರಮ್ಮನ ತಮ್ಮ ಗಾಜಿನ ಕೌಂಟರಿನ ಹಿಂದೆ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಹೆಂಗಸರ ಪುಟ್ಟ ಕೈಗಡಿಯಾರವೊಂದರ ಹೊಟ್ಟೆ ಬಗೆದು ಕೂತಿದ್ದರು. ಅಂಗಡಿಯ ಹಿಂದಿನ ಕೋಣೆಯೇ ಅವರ ಮನೆ. ಮದುವೆ ಆದವರಲ್ಲ. ಅಕ್ಕನ ಅಡುಗೆ, ಅಕ್ಕನ ಬೈಗುಳ, ಅಕ್ಕನ ಮಗಳು, ಇಷ್ಟೇ ಅವರ ಸಂಸಾರ.

“ಬನ್ನಿ ಮೇಡಂ. ಮುಚ್ಚಾಯ್ತಾ ಫೈಲು?”

ಕೇಳಿದ ಅವಸರ ನನಗೆ ಹಿಡಿಸಲಿಲ್ಲ.

“ಇನ್ನೊಂದೇ ಒಂದು ಕೆಲಸ ಬಾಕಿ ಇದೆ. ನಿಮ್ಮ ಲ್ಯಾಪ್‌ಟಾಪ್ ಸ್ವಲ್ಪ ತೆಗೀರಿ.”

ಅವರು ಭೂತಗನ್ನಡಿ ಕಳಚಿದರು. ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಇನ್ನೊಮ್ಮೆ ಒರೆಸಿಕೊಂಡರು. ಕೊನೆಗೆ ಮೇಜಿನ ಕೆಳಗಿಂದ ತೆಗೆದಿಟ್ಟರು. ಮೇಲಿನದರ ಜೋಡಿ, ಬಣ್ಣವೂ ಅದೇ.

“ನೀವು ಬರೆದ ಮೊದಲನೇ ಪಾಠ ತೋರಿಸಿ.”

ಅಂಗಡಿಯ ಹೆಸರು ಕಪ್ಪು ಕಿಟಕಿಯಲ್ಲಿ ಮೂಡಿತು. ಗಡಿಯಾರದ ಮುಖದ ಮೇಲಿನ ಅಂಕಿಗಳಷ್ಟು ಚಿಕ್ಕ ಅಕ್ಷರ. ನಾನು ಕನ್ನಡಕ ಏರಿಸಿ ಬಗ್ಗಿ ನೋಡಬೇಕಾಯಿತು. ಇವರಿಗೆ ಇದೇ ಹಿತ, ದಿನವೆಲ್ಲ ಸಾಸಿವೆ ಗಾತ್ರದ ಸ್ಕ್ರೂ ನೋಡುವ ಕಣ್ಣು.

ಟೀಚರ್ ತುಂಬಿಕೊಟ್ಟಿದ್ದ ಪೆನ್‌ಡ್ರೈವನ್ನು ನಾನು ಕೌಂಟರಿನ ಮೇಲಿಟ್ಟೆ. “ಇದರಲ್ಲಿ ನಿಮ್ಮ ಅಕ್ಕನ ಕೊನೇ ಮಾತಿದೆ. ರನ್ ಮಾಡಿ.”

“ಅದನ್ನ ನಾನು ನೋಡಲಾರೆ ಮೇಡಂ.”

“ನೋಡಬೇಡಿ. ನಾನು ನೋಡ್ತೀನಿ.”

ಅವರು ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಒತ್ತಿದರು. ಸಾಲು ಬಂದು ಕಿಟಕಿಯ ನಡುವೆ ಕೂತಿತು, ಅಂಗಡಿಯ ಹೆಸರು ಕೂತಷ್ಟೇ ಸರಿಯಾಗಿ. ಎಲ್ಲೂ ಮುರಿದಿರಲಿಲ್ಲ.

“ನಿಮ್ಮ ಅಕ್ಕನದರಲ್ಲಿ ಇದು ಮುರಿದು ಬೀಳತ್ತೆ. ನಿಮ್ಮದರಲ್ಲಿ ನಡುವೆ ನಿಂತಿದೆ.”

“ಅಕ್ಕ... ಆಗಾಗ ಕೆಳಗೆ ಬಂದು ನನ್ನದರಲ್ಲೂ ಬರೀತಿದ್ಲು.”

“ತನಗೆ ಕಾಣದೇ ಇರೋ ಅಕ್ಷರದಲ್ಲಾ?”

ಅವರು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದರು. ನಾನು ಕೇಳಬೇಕಾದ್ದನ್ನು ಕೇಳಿದೆ.

“ನಿಮ್ಮ ಅಕ್ಕನ್ನ ಯಾಕೆ ಕೊಂದ್ರಿ?”

“ಕೊಲ್ಲೋದಾ?” ಅವರು ದಡಬಡಿಸಿ ಎದ್ದ ರಭಸಕ್ಕೆ ಸ್ಕ್ರೂಗಳ ತಟ್ಟೆ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾಯಿತು. “ನನ್ನ ಅಕ್ಕನ್ನ ನಾನು ಕೊಲ್ತೀನಾ? ಅಮ್ಮ ಹೋದ್ಮೇಲೆ ನನ್ನ ಮೂಗು ಒರೆಸಿ ಬೆಳೆಸಿದವಳು ಅವಳು. ನೀವೂ ಮನುಷ್ಯರಾ?”

“ಹಾಗಾದ್ರೆ ಹೇಳಿ. ಸತ್ತವಳ ಬಾಯಲ್ಲಿ ಮಾತು ಇಟ್ಟಿದ್ದು ಯಾಕೆ?”

ಅವರು ಕುಸಿದು ಕೂತರು. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಮಾತು ಬೆರಳ ಸಂದಿಯಿಂದ ಬಂತು.

“ದಿನಾ ಬೆಳಗ್ಗೆ ಅಕ್ಕ ಮೇಲಿಂದ ನೆಲ ಕುಟ್ಟಿ ನನ್ನನ್ನ ಎಬ್ಬಿಸ್ತಿದ್ಲು. ಅವತ್ತು ಕುಟ್ಲಿಲ್ಲ. ಹೋಗಿ ನೋಡಿದ್ರೆ ಹೊಲಿಗೆ ಮಿಷನ್ ಮುಂದೆ ಕುರ್ಚೀಲೇ ಒರಗಿದಾಳೆ. ಮೈ ತಣ್ಣಗೆ. ಪುಟ್ಟಿಗೆ ಫೋನ್ ಮಾಡಿ ‘ಅಮ್ಮ ಏಳ್ತಿಲ್ಲ, ಬೇಗ ಬಾ’ ಅಂದೆ. ಆಮೇಲೆ ಮಾತ್ರೆ ಡಬ್ಬಿ ಕಣ್ಣಿಗೆ ಬಿತ್ತು.”

“ಯಾವ ಡಬ್ಬಿ?” ನಮ್ಮ ಪಂಚನಾಮೆಯಲ್ಲಿ ಡಬ್ಬಿಯ ಸುದ್ದಿಯೇ ಇರಲಿಲ್ಲ.

“ವಾರದ ಡಬ್ಬಿ, ದಿನಕ್ಕೊಂದು ಗೂಡು. ಅಕ್ಕನಿಗೆ ಮಾತ್ರೆ ಗುರುತು ಸಿಗಲ್ಲ. ಪುಟ್ಟೀನೇ ವಾರಕ್ಕೊಮ್ಮೆ ಬಂದು ತುಂಬಿಟ್ಟು ಹೋಗ್ತಾಳೆ. ಗೂಡಲ್ಲಿದ್ದಷ್ಟನ್ನೂ ಬಾಯಿಗೆ ಹಾಕ್ಕೊಂಡು ನೀರು ಕುಡಿಯೋದಷ್ಟೇ ಅಕ್ಕನ ಕೆಲಸ. ಹೃದಯದ್ದು ಆ ಚಿಕ್ಕ ಹಳದಿ ಮಾತ್ರೆ ಇದೆಯಲ್ಲ, ಅದು ಗೂಡಿಗೆ ಒಂದೇ ಇರಬೇಕು. ಅವತ್ತು ನೋಡ್ತೀನಿ, ಉಳಿದ ಗೂಡುಗಳಲ್ಲೆಲ್ಲ ಬರೀ ಅದೇ. ಬಿಳಿದರ ಬದ್ಲಿಗೂ ಅದೇ, ಕೆಂಪಿನ ಬದ್ಲಿಗೂ ಅದೇ.”

ನಾನು ಪೆನ್ನು ತೆಗೆದು ‘ಹಳದಿ ಮಾತ್ರೆ’ ಎಂದು ಬರೆದುಕೊಂಡೆ.

“ನಿದ್ದೆಗಣ್ಣಲ್ಲಿ ತುಂಬಿದಾಳೆ ಮೇಡಂ ಮಗು. ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದು ಕೈತಪ್ಪಿದೆ. ನರ್ಸ್ ಕೆಲಸ ಹೋಗತ್ತೆ, ಜೈಲಿಗೂ ಹಾಕಬಹುದು. ಅದೆಲ್ಲ ಹಾಳಾಗ್ಲಿ. ಅಮ್ಮ ತಾನಾಗೇ ಹೋದ್ಲು ಅಂತ ಗೊತ್ತಾದ್ರೆ ಅಳ್ತಾಳೆ, ಒಂದಿನ ಸುಧಾರಿಸ್ಕೋತಾಳೆ. ತಾನೇ ತುಂಬಿಟ್ಟ ಮಾತ್ರೆಯಿಂದ ಹೋದ್ಲು ಅಂತ ಗೊತ್ತಾದ್ರೆ ಆ ಹುಡುಗಿ ಬದುಕ್ತಾಳಾ? ನೀವೇ ಹೇಳಿ.”

ನಾನು ಬಗ್ಗಿ, ಚೆಲ್ಲಿದ್ದ ಸ್ಕ್ರೂಗಳನ್ನು ಆರಿಸಿ ತಟ್ಟೆಗೆ ಹಾಕತೊಡಗಿದೆ.

“ಇಲ್ಲಿಗೆ ಓಡಿ ಬಂದೆ. ನನಗೆ ಗೊತ್ತಿದ್ದಿದ್ದು ಒಂದೇ ಪಾಠ, ಅದರಲ್ಲೇ ಬರೆದೆ. ಮೇಲೆ ಅಕ್ಕನ ಹೆಣ ಇಟ್ಕೊಂಡು, ಅವಳ ಸಾವಿನ ಮಾತನ್ನ ಸ್ಪೇಸ್ ಒತ್ತಿ ಒತ್ತಿ ನಡುವೆ ತಂದೆ ಮೇಡಂ. ಒಂದು ಕಡೆ ವಾಲಿದ್ರೆ ಅವಳು ಬೈತಿದ್ಲಲ್ಲ, ಅದಕ್ಕೆ.” ಬೆರಳ ಸಂದಿಯಿಂದ ಕಣ್ಣೀರು ಮೊಣಕೈವರೆಗೂ ಇಳಿಯಿತು. “ಮೇಲೆ ಹೋಗಿ ಅವಳದರಲ್ಲಿ ಹಾಕಿದ್ರೆ ಮುರಿದುಬಿತ್ತು. ಯಾಕೆ ಮುರೀತು ಅಂತ ನನಗೆ ಈಗ್ಲೂ ತಿಳೀತಿಲ್ಲ. ಸರಿ ಮಾಡೋಣ ಅನ್ನೋಷ್ಟರಲ್ಲಿ ಮೆಟ್ಟಿಲ ಮೇಲೆ ಪುಟ್ಟಿ ಓಡಿ ಬರೋ ಸದ್ದು ಕೇಳಿಸ್ತು.”

ಇಂಥ ಸುಳ್ಳನ್ನು ನನ್ನ ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಂಡಿರಲಿಲ್ಲ. ಎದುರಿಗಿದ್ದವರ ಮೇಲೆ ಸಿಟ್ಟೂ ಬಂತು, ಅವರ ತಲೆ ನೇವರಿಸಬೇಕೆಂದೂ ಅನ್ನಿಸಿತು. ಮೊದಲು ಬಾಯಿಗೆ ಬಂದಿದ್ದು ಸಿಟ್ಟೇ.

“ನಿಮ್ಮ ಪುಟ್ಟಿ ಸುಧಾರಿಸ್ಕೋತಾಳೆ ಅಂದ್ರಲ್ಲ, ಈ ವಾರದಲ್ಲಿ ಅವಳ ಮುಖ ಒಂದ್ಸಲ ಆದ್ರೂ ಸರಿಯಾಗಿ ನೋಡಿದೀರಾ? ಅಮ್ಮ ಬರೆದ ಪ್ರೋಗ್ರಾಂ ನೋಡಿ ಅವಳು ನಕ್ಕಿದ್ಲು. ನಕ್ಕಿದ್ದಕ್ಕೇ ಅಮ್ಮ ಸತ್ಲು ಅಂತ ದಿನಾ ಠಾಣೆಗೆ ಬಂದು ನನ್ನ ಮುಂದೆ ಅಳ್ತಾಳೆ. ಅದೇ ಥರದ ಪ್ರೋಗ್ರಾಂ ಬರೆದು ಅವಳ ಕಣ್ಣ ಮುಂದೆ ಇಟ್ಟವರು ನೀವು.”

ಅವರು ಕೈ ತೆಗೆದು ನನ್ನನ್ನು ನೋಡಿದರು. ಒಂದು ಕಣ್ಣಿನ ಸುತ್ತ ಭೂತಗನ್ನಡಿಯ ಉಂಗುರದ ಗುರುತು ಇನ್ನೂ ಕೆಂಪಗಿತ್ತು. “ನಕ್ಕಿದ್ಲಾ? ನನಗೆ ಯಾರೂ ಹೇಳ್ಲಿಲ್ವಲ್ಲ,” ಎಂದರು. “ಅಕ್ಕನೂ ಹೇಳ್ಲಿಲ್ಲ.”

ಬಾಗಿಲಲ್ಲಿ ನೆರಳು ಅಲ್ಲಾಡಿತು. ತಿರುಗಿ ನೋಡಿದರೆ ಮಗಳು. ಹೊಸ್ತಿಲ ಮೇಲೆ ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಬೆನ್ನಿಗೆ ಹೂಂಗುಟ್ಟಪ್ಪ. ಅವಳು ಕೆಳಗೆ ಹೋಗ್ತೀನಿ ಎಂದಿರುತ್ತಾಳೆ, ಅವನು ಹೂಂ ಎಂದಿರುತ್ತಾನೆ.

“ಹಾಗಾದ್ರೆ ಅಮ್ಮ ನನ್ನ ಮೇಲೆ ಬೇಜಾರು ಮಾಡ್ಕೊಂಡು ಹೋಗ್ಲಿಲ್ಲ,” ಎಂದಳು. “ಅಲ್ವಾ ಮೇಡಂ?”

“ಇಲ್ಲಮ್ಮ. ಆ ಮಾತು ಅವರದಲ್ಲ. ಅವರು ನಿನ್ನನ್ನ ಬಿಟ್ಟು ಹೋಗ್ಬೇಕು ಅಂತ ಹೋದವರಲ್ಲ.”

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ವಾರದಿಂದ ಠಾಣೆಯಲ್ಲಿ ಕೂತು ಅತ್ತಿದ್ದಕ್ಕಿಂತ ಇದು ಬೇರೆ ಅಳು. ತಾಯಿ ಸತ್ತ ಮಗಳು ಅಳಬೇಕಾದ ಅಳು. ನನ್ನ ಕಣ್ಣೂ ಒದ್ದೆಯಾಗಿತ್ತು. ಮಾಮ ಕೌಂಟರಿನ ಆಚೆಯಿಂದ ಬಂದು, ಅವಳ ಹತ್ತಿರ ಹೋಗಲು ಧೈರ್ಯ ಸಾಲದೆ, ನಡುವೆ ನಿಂತಿದ್ದರು.

“ನಿನ್ನ ತಪ್ಪಲ್ಲ ಪುಟ್ಟಿ,” ಎಂದರು. “ಸುಸ್ತಾಗಿತ್ತು ನಿಂಗೆ. ಯಾರಿಗಾದ್ರೂ ಕೈತಪ್ಪತ್ತೆ ಕಣಮ್ಮ. ನಾನು ಯಾರಿಗೂ ಹೇಳಲ್ಲ, ಮೇಡಂ ಕಾಲು ಹಿಡ್ಕೋತೀನಿ.”

ಅವಳು ತಲೆಯೆತ್ತಿದಳು. ಮೂಗು ಒರೆಸಿಕೊಂಡಳು. ಮಾಮನ ಮಾತು ಅವಳಿಗೆ ಈಗಷ್ಟೇ ಅರ್ಥವಾಗುತ್ತಿದ್ದಂತಿತ್ತು.

“ನಂಗೆ ಕೈತಪ್ಪಿದ್ದಾ? ಏನು ಕೈತಪ್ಪಿದ್ದು?”

“ಡಬ್ಬಿ ತುಂಬಿದ್ದು...”

“ನಾನು ಆ ವಾರದ ಡಬ್ಬಿ ತುಂಬೇ ಇಲ್ಲ ಮಾಮ.”

ಗೋಡೆಯ ಗಡಿಯಾರಗಳ ಟಿಕ್‌ಟಿಕ್ ಒಮ್ಮೆಲೇ ಜೋರಾಗಿ ಕೇಳತೊಡಗಿತು.

“ಜಗಳದ ದಿನ ಡಬ್ಬಿ ಖಾಲಿ ಇತ್ತು. ಮುಟ್ಟದೇ ಎದ್ದು ಹೋದೆ. ಎರಡು ದಿನ ಬಿಟ್ಟು ಮನಸ್ಸು ತಡೀದೆ ಫೋನ್ ಮಾಡಿದೆ, ಡಬ್ಬಿ ತುಂಬೋಕೆ ಬರ್ಲಾ ಅಂತ. ‘ಬೇಡ, ತುಂಬಿಕೊಟ್ಟಾಯ್ತು, ನೀನು ಡ್ಯೂಟಿ ನೋಡ್ಕೋ’ ಅಂದ್ಲು ಅಮ್ಮ. ಸಿಟ್ಟು ಇನ್ನೂ ಇಳಿದಿಲ್ಲ ಅಂತ ಫೋನ್ ಇಟ್ಟೆ. ನೀವೇ ತುಂಬಿಕೊಟ್ಟಿರ್ತೀರಿ ಅಂದ್ಕೊಂಡೆ.”

“ನಾನಾ?” ಮಾಮ ತಡವರಿಸಿದರು. “ನಾನು ಆ ಡಬ್ಬಿ ಕೈಯಲ್ಲಿ ಹಿಡಿದಿದ್ದೇ ಅವತ್ತು ಬೆಳಗ್ಗೆ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು.

ಹಾಗಾದರೆ ಜಗಳವಾದ ಮೇಲೆ, ಆ ಕತ್ತರಿಸುವ ಮೇಜಿನ ಮುಂದೆ, ಟೈಲರಮ್ಮನ ಎದುರಿಗೇ, ಯಾರೋ ಕೂತಿದ್ದರು. ಅವರೊಡನೆ ಅದೂ ಇದೂ ಮಾತಾಡುತ್ತ, ಗೂಡಿನಿಂದ ಗೂಡಿಗೆ ಹಳದಿ ಮಾತ್ರೆ ಎಣಿಸಿ ಹಾಕಿದ್ದರು. ಕಣ್ಣು ಕಾಣದವರು ನಂಬಿ ಡಬ್ಬಿ ಕೈಗೆ ಕೊಟ್ಟಿದ್ದರು. ಒಂದು ಗೂಡಾಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಎಲ್ಲ ಗೂಡೂ ಒಂದೇ ಥರ ಕೈತಪ್ಪುವುದಿಲ್ಲ.

“ಡಬ್ಬಿ ಎಲ್ಲಿ?” ಎಂದೆ. “ಬಿಸಾಕಿಲ್ಲ ತಾನೇ? ಪ್ಲಾಸ್ಟಿಕ್ ಮೇಲೆ ಬೆರಳಿನ ಗುರುತು ವಾರಗಟ್ಟಲೆ ಉಳಿಯತ್ತೆ. ತುಂಬಿದವರ ಗುರುತು ಅದರ ಮೇಲಿರತ್ತೆ. ಮುಟ್ಟಬೇಡಿ, ಎಲ್ಲಿದೆ ಅಂತ ತೋರಿಸಿ ಸಾಕು.”

ಅವರು ಅಲುಗಾಡಲಿಲ್ಲ. ಮಗಳೇ ಒಳಗೆ ಬಂದು, ಮಾಮನ ಕಣ್ಣು ಹೋದ ಕಡೆಗೆ ನೋಡಿ, ಕೌಂಟರಿನ ಕೆಳಗಿನ ಖಾನೆ ಎಳೆದಳು. ಗಡಿಯಾರ ತೊಳೆಯುವ ಬ್ರಷ್ಷುಗಳ ಪಕ್ಕದಲ್ಲಿ ಡಬ್ಬಿ ಇತ್ತು, ಮುಚ್ಚಳಗಳೆಲ್ಲ ತೆರೆದು, ಈಗಷ್ಟೇ ಅಂಗಡಿಯಿಂದ ತಂದಂತೆ ಥಳಥಳ ಹೊಳೆಯುತ್ತ.

“ಪುಟ್ಟಿ ಮೇಲೆ ಏನೂ ಬರಬಾರ್ದು ಅಂತ ಬಿಸಿನೀರಲ್ಲಿ ಸೋಪು ಹಾಕಿದೆ ಮೇಡಂ,” ಎಂದರು ಮಾಮ. “ಗೂಡು ಗೂಡನ್ನೂ ಉಜ್ಜಿ ಉಜ್ಜಿ ತೊಳೆದೆ.”